1383ರ ಕೊನೆಯ ತಿಂಗಳು

ಆರಿದ್ರೆ ಮಳೆ ಹಿಡಿದು ಕೂತಿದ್ದ ಭಾನುವಾರ. ಸಾಗರದ ಹತ್ತಿರದ ಒಂದು ಮನೆಯ ಜಗುಲಿಯಲ್ಲಿ ಹನ್ನೊಂದು ಜನ. ಕರೆಂಟ್ ಬೆಳಿಗ್ಗೆಯೇ ಹೋಗಿತ್ತು. ಅರ್ಶಮ್ ಪಾರ್ಸಿ ಎಂಬ ಇರಾನಿನ ಸಲಿಂಗಿ ಹೋರಾಟಗಾರನ ಬದುಕನ್ನು ಮುಂದಿಟ್ಟುಕೊಂಡು, ನಿರಾಶ್ರಿತನೊಬ್ಬನ ಅರ್ಜಿ ಹೇಗೆ ಗೆಲ್ಲುತ್ತದೆ, ಎಲ್ಲಿ ಸೋಲುತ್ತದೆ ಎಂದು ವಿವರಿಸುವ ಕೂಟ ಅದು. ‘ನಿರಾಶ್ರಿತ’ ಅಂದದ್ದೇ ತಡ, ಕಂಬಕ್ಕೆ ಒರಗಿದ್ದ ಅಜ್ಜರೊಬ್ಬರು, "ನಾವೂ ಅದೇ ಅಲ್ದನಾ ಮಾರಾಯ?" ಅಂದರು. ಅವರದು ಲಿಂಗನಮಕ್ಕಿ ನೀರಿನಲ್ಲಿ ಮುಳುಗಿದ ಊರು.

ಹಾಗಾಗಿ ಮಾತು ಅಲ್ಲಿಂದಲೇ ಶುರುವಾಯಿತು. ನಿರಾಶ್ರಿತರ ಬಗ್ಗೆ ವಿಶ್ವಸಂಸ್ಥೆಯ 1951ರ ಒಪ್ಪಂದದ ಪ್ರಕಾರ ನಿರಾಶ್ರಿತ ಅನ್ನಿಸಿಕೊಳ್ಳಲು ಮೊದಲು ದೇಶದ ಗಡಿ ದಾಟಿರಬೇಕು. ಜನಾಂಗ, ಧರ್ಮ, ರಾಷ್ಟ್ರೀಯತೆ, ನಿರ್ದಿಷ್ಟ ಸಾಮಾಜಿಕ ಗುಂಪು, ರಾಜಕೀಯ ನಿಲುವು, ಈ ಐದರಲ್ಲಿ ಒಂದರಿಂದಾಗಿ ಹಿಂಸೆಗೆ ಗುರಿಯಾಗುವ ಭಯ ಇದೆ ಎನ್ನಲು ಗಟ್ಟಿ ಕಾರಣ ಬೇಕು. ಸಲಿಂಗಿಗಳನ್ನು ಸಾಮಾನ್ಯವಾಗಿ ಸೇರಿಸುವುದು ನಾಲ್ಕನೆಯದಕ್ಕೆ. ಮುಳುಗಡೆಯವರು ಗಡಿ ದಾಟಲಿಲ್ಲ, ಅವರು ಸಂತ್ರಸ್ತರು. (ಭಾರತ ಆ ಒಪ್ಪಂದಕ್ಕೆ ಸಹಿಯನ್ನೇ ಹಾಕಿಲ್ಲ, ಅದು ಬೇರೆ ಮಾತು.) ಅಜ್ಜರಿಗೆ ಇದು ಅಷ್ಟೇನೂ ಒಪ್ಪಿಗೆಯಾದಂತೆ ಕಾಣಲಿಲ್ಲ.

ಪಾರ್ಸಿ ಹುಟ್ಟಿದ್ದು 1980ರಲ್ಲಿ, ಶಿರಾಜ್ ನಗರದಲ್ಲಿ. ಗಂಡಸರ ನಡುವಿನ ಸಂಬಂಧಕ್ಕೆ ಮರಣದಂಡನೆಯವರೆಗೂ ಶಿಕ್ಷೆ ಇರುವ ದೇಶ. 2001ರಲ್ಲಿ ಇಂಟರ್ನೆಟ್ಟಿನಲ್ಲಿ ಗುಟ್ಟಾಗಿ ಒಂದು ಗುಂಪು ಕಟ್ಟಿದರು. ಸಿಕ್ಕಿಬೀಳುವ ಅಪಾಯ ಹತ್ತಿರವಾದಾಗ, 2005ರ ಮಾರ್ಚಿನಲ್ಲಿ ಟರ್ಕಿಗೆ ದಾಟಿದರು. ಟರ್ಕಿಯೇ ಯಾಕೆಂದರೆ ಇರಾನಿನವರಿಗೆ ಅಲ್ಲಿಗೆ ವೀಸಾ ಬೇಡ. ತೊಡಕು ಒಳಗೆ ಹೋದ ಮೇಲೆ. ಯುರೋಪಿನಿಂದ ಬಂದವರನ್ನಷ್ಟೇ ಟರ್ಕಿ ನಿರಾಶ್ರಿತರೆಂದು ಒಪ್ಪುವುದು. ಉಳಿದವರು ಮೂರನೆಯ ದೇಶ ಸಿಗುವ ತನಕ, ಸರ್ಕಾರ ತೋರಿಸಿದ ಊರಿನಲ್ಲಿ, ಹೇಳಿದ ದಿನ ಹೋಗಿ ಸಹಿ ಹಾಕುತ್ತ ಕಾಯಬೇಕು. ಊರು ಬಿಟ್ಟು ಹೋಗಲು ಪರವಾನಗಿ ಚೀಟಿ. ಪಾರ್ಸಿ ಕಾಯ್ಸೇರಿಯಲ್ಲಿ ಕಾದರು, 2006ರ ಮೇ ತಿಂಗಳಲ್ಲಿ ಕೆನಡಾ ಮುಟ್ಟಿದರು.

ಕಾಯುವುದರ ನಡುವೆ ಸಂದರ್ಶನ. ಅರ್ಜಿ ಮುರಿದುಬೀಳುವುದು ಇಲ್ಲಿ, ಅದೂ ತೀರಾ ಸಣ್ಣ ಕಾರಣಕ್ಕೆ. ಇರಾನಿನ ಕ್ಯಾಲೆಂಡರ್ ಬೇರೆ. ಹೊಸ ವರ್ಷ ಶುರುವಾಗುವುದು ಮಾರ್ಚ್ 20–21ಕ್ಕೆ. ಅವರ ಇಸವಿಗೆ 621 ಕೂಡಿಸಿದರೆ ನಮ್ಮದು ಸಿಗುತ್ತದೆ ಎಂಬುದು ಎಲ್ಲರೂ ಕಲಿತಿರುವ ಸೂತ್ರ. ಅದು ಪೂರ್ತಿ ವರ್ಷಕ್ಕೆ ನಡೆಯುವುದಿಲ್ಲ. ಅವರ ಹತ್ತನೆಯ ತಿಂಗಳು ‘ದೇಯ್’ ಸುರುವಾಗಿ ಹತ್ತು ಹನ್ನೆರಡು ದಿನಕ್ಕೆ ನಮ್ಮ ಜನವರಿ 1 ಬಂದುಬಿಡುತ್ತದೆ, ಅಲ್ಲಿಂದ ಮುಂದೆ 622 ಕೂಡಿಸಬೇಕು. 1383ರ ಕೊನೆಯ ತಿಂಗಳು ‘ಎಸ್ಫಂದ್’ನಲ್ಲಿ ಗಡಿ ದಾಟಿದವನು 621 ಕೂಡಿಸಿದರೆ 2004ರ ಮಾರ್ಚ್ ಆಗುತ್ತದೆ. ಪಾಸ್‌ಪೋರ್ಟಿನ ಮುದ್ರೆಯಲ್ಲಿ 2005. ನಡುವಿನ ಒಂದು ವರ್ಷ ಎಲ್ಲಿದ್ದೆ ಎಂದು ಅಧಿಕಾರಿ ಕೇಳಿದರೆ, ಸುಳ್ಳೇ ಹೇಳದವನೂ ತಡವರಿಸುತ್ತಾನೆ. ಅದಕ್ಕೇ ಮೂಲ ತಾರೀಖು ಮೊದಲು, ಅದರ ಪಕ್ಕದಲ್ಲಿ ಇಂಗ್ಲಿಷ್ ತಾರೀಖು, ಎರಡನ್ನೂ ಬರೆಯಬೇಕು. ದಿನ ನೆನಪಿಲ್ಲದಿದ್ದರೆ ಊಹಿಸಿ ಬರೆಯುವ ಬದಲು ‘ಹೊಸ ವರ್ಷಕ್ಕೆ ಸುಮಾರು ಎರಡು ವಾರ ಮುಂಚೆ’ ಅಂತ ಬರೆದರೆ ಸಾಕು.

ಇದು ಯಾರಿಗೂ ವಿಚಿತ್ರ ಅನ್ನಿಸಲಿಲ್ಲ. ಸಾಗರದಲ್ಲಿ ಮಾರಿಜಾತ್ರೆ ಆದ ವರ್ಷ ಅಂದರೆ ಸಾಕೆ? ಜಾತ್ರೆ ಮೂರು ವರ್ಷಕ್ಕೊಮ್ಮೆ. ಯಾವ ಜಾತ್ರೆ ಅಂತ ಹೇಳದಿದ್ದರೆ ಮೂರು ವರ್ಷ ಆಚೀಚೆ.

ಎರಡನೆಯ ಗುಂಡಿ ದುಭಾಷಿ. ಇರಾನಿನ ಫಾರ್ಸಿ ಭಾಷೆಯಲ್ಲಿ ಸಲಿಂಗಿಗೆ ಎರಡು ಮಾತಿವೆ. ‘ಹಮ್‌ಜೆನ್ಸ್‌ಗರಾ’ ಸಭ್ಯ ಪದ, ‘ಹಮ್‌ಜೆನ್ಸ್‌ಬಾಜ್’ ಬೈಗುಳ. ನಮ್ಮ ‘ದಗಲ್ಬಾಜಿ’ಯಲ್ಲಿ ಇರುವ ಬಾಜಿಯೇ ಆ ಬಾಜ್. ಸ್ವಂತ ದೇಶದ ದುಭಾಷಿ ಎರಡನೆಯ ಪದ ಬಳಸಿದ ಅಂದರೆ ಎದುರಿಗಿದ್ದವನ ಬಾಯಿ ಕಟ್ಟಿತು ಅಂತಲೇ. ಮೊದಲ ಸಲ ನಿಜ ಮುಚ್ಚಿಟ್ಟು, ಎರಡನೆಯ ಸಲ ಹೇಳಿದರೆ ಕಡತದಲ್ಲಿ ಅದು ‘ಹೇಳಿಕೆಯಲ್ಲಿ ವ್ಯತ್ಯಾಸ’. ಬೇರೆ ದುಭಾಷಿ ಬೇಕೆಂದು ಸಂದರ್ಶನದ ಆರಂಭದಲ್ಲೇ ಕೇಳಬೇಕು. ಕನ್ನಡ ಪತ್ರಿಕೆಗಳು ಈಗಲೂ ‘ಸಲಿಂಗಕಾಮಿ’ ಅನ್ನುತ್ತವೆ. ಗಂಡ ಹೆಂಡತಿಯನ್ನು ಯಾರೂ ‘ಭಿನ್ನಲಿಂಗಕಾಮಿಗಳು’ ಅನ್ನುವುದಿಲ್ಲವಲ್ಲ.

"ಹಾಗಾದ್ರೆ ಸಾಕ್ಷಿ ಎಂತ ಕೊಡೂದು?" ಎಂದು ಕೇಳಿದವರು ಮನೆಯ ಅಮ್ಮ, ಹಲಸಿನ ಹಪ್ಪಳದ ತಟ್ಟೆ ಇಡುತ್ತ. ಮುಖ್ಯ ಸಾಕ್ಷಿ ಅವನ ಮಾತೇ. ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ 2012ರ ಮಾರ್ಗಸೂಚಿಯಲ್ಲಿ ಇದನ್ನು ಬರೆದಿಟ್ಟಿದೆ. ಖಾಸಗಿ ಫೋಟೊ, ವೈದ್ಯಕೀಯ ಪರೀಕ್ಷೆ ಕೇಳುವಂತಿಲ್ಲ. ಯುರೋಪಿನ ನ್ಯಾಯಾಲಯ 2014ರಲ್ಲಿ ಇಂಥ ಪರೀಕ್ಷೆಗಳನ್ನು ತಳ್ಳಿಹಾಕಿತು. ಅದಕ್ಕೂ ಮುಂಚೆ, 2010ರಲ್ಲಿ, ಬ್ರಿಟನ್ನಿನ ಸುಪ್ರೀಂ ಕೋರ್ಟು ಇರಾನ್ ಮತ್ತು ಕ್ಯಾಮರೂನಿನ ಇಬ್ಬರ ಮೊಕದ್ದಮೆಯಲ್ಲಿ ‘ಊರಿಗೆ ಹೋಗಿ ಮುಚ್ಚಿಟ್ಟುಕೊಂಡು ಬದುಕು’ ಅನ್ನುವ ವಾದವನ್ನು ಒಪ್ಪಲಿಲ್ಲ.

ಪಾರ್ಸಿ 2008ರಲ್ಲಿ ಟೊರೊಂಟೊದಲ್ಲಿ ಕಟ್ಟಿದ ಸಂಸ್ಥೆಯ ಹೆಸರು ‘ಇರಾನಿಯನ್ ರೈಲ್‌ರೋಡ್ ಫಾರ್ ಕ್ವಿಯರ್ ರೆಫ್ಯೂಜೀಸ್’. ರೈಲು ಅಂದಕೂಡಲೇ ಹುಡುಗನೊಬ್ಬ, "ತಾಳಗುಪ್ಪಕ್ಕೂ ಬರ್ತದಾ?" ಅಂದ. ಅಮೆರಿಕದ ಗುಲಾಮರು ಉತ್ತರಕ್ಕೆ, ಕೆನಡಾಕ್ಕೆ ತಪ್ಪಿಸಿಕೊಂಡು ಹೋದ ಗುಪ್ತ ದಾರಿಗೂ ರೈಲಿನ ಹೆಸರೇ ಇತ್ತು. ಹಳಿಯಿಲ್ಲ, ಬೋಗಿಯಿಲ್ಲ, ಮನೆಯಿಂದ ಮನೆಗೆ ದಾಟಿಸುವ ಜನ. ಈ ಸಂಸ್ಥೆಯ ಕೆಲಸವೂ ಅಂಥದ್ದೇ: ಟರ್ಕಿಯಲ್ಲಿ ಸಿಕ್ಕಿಕೊಂಡವರ ಪರ ಪತ್ರ ಬರೆಯುವುದು, ಅರ್ಜಿಯ ಬೆನ್ನು ಹತ್ತುವುದು. 2018ರ ಸೆಪ್ಟೆಂಬರಿನಿಂದ ಅಲ್ಲಿ ಅರ್ಜಿ ನೋಡುವುದನ್ನು ವಿಶ್ವಸಂಸ್ಥೆ ಬಿಟ್ಟು ಟರ್ಕಿ ಸರ್ಕಾರವೇ ವಹಿಸಿಕೊಂಡಿತು, ಪತ್ರ ಹೋಗುವ ಬಾಗಿಲೂ ಬದಲಾಯಿತು.

ಮಳೆ ಸ್ವಲ್ಪ ಹೊಳವಾದಾಗ ಅಜ್ಜ ಕೊಡೆ ಬಿಡಿಸುತ್ತ ಅಂದರು: "ನಮ್ದು ಇಸವಿ ಎಲ್ಲ ಸಮಾ ಇತ್ತು ಮಾರಾಯ. ಸರ್ವೆ ನಂಬರೇ ಇರ್ಲಿಲ್ಲ."