ಮೇಜಿನ ಖಾನೆಯಲ್ಲಿ ಸಿಕ್ಕಿಬಿದ್ದ ರಿವರ್ಸಲ್

“ನಾನು ಕಣ್ಣೆದುರು ಮೊಬೈಲ್ ಹಿಡಿದು ತೋರಿಸಿದರೂ ನೀವು ಯಂತ್ರದ ಮಾತನ್ನೇ ನಂಬಿದಿರಿ” ಎಂದು ನಮ್ಮ ಅಂಗಡಿಯ ಗಿರಾಕಿ ಹೆಂಗಸೊಬ್ಬರು ಫೋನಿನಲ್ಲಿ ಹೇಳಿ ಏಳು ತಿಂಗಳಾಯಿತು. ದನಿ ಏರಿಸಿರಲಿಲ್ಲ. ಏರಿಸಿದ್ದರೆ ನಾನೂ ಎದುರು ಮಾತನಾಡಿ ಅಂದೇ ಮರೆತುಬಿಡುತ್ತಿದ್ದೆನೇನೋ. ಅಷ್ಟು ಮೆಲ್ಲಗೆ ಹೇಳಿದ್ದರಿಂದಲೇ ಆ ಮಾತು ಇನ್ನೂ ಚುಚ್ಚುತ್ತಿದೆ.

ನಮ್ಮದು ಲೇಖನ ಸಾಮಗ್ರಿಯ ಸಣ್ಣ ಅಂಗಡಿ. ಮಾಲೀಕರು, ನಾನು, ಕೌಂಟರಿನಲ್ಲಿ ಇಬ್ಬರು ಹುಡುಗರು. ಗಲ್ಲಾ, ದಿನದ ಲೆಕ್ಕ, ಕಾರ್ಡ್ ಯಂತ್ರ ಮೂರೂ ನನ್ನ ಜವಾಬ್ದಾರಿ. ಕಾರ್ಡನ್ನು ಯಂತ್ರಕ್ಕೆ ತಾಗಿಸಿದರೆ ಸಾಕೆನ್ನುವ ಟ್ಯಾಪ್ ಪಾವತಿ ಬೇಕೇ ಬೇಕು ಎಂದು ಮಾಲೀಕರ ಬೆನ್ನು ಹತ್ತಿದವನೂ ನಾನೇ. ಪಿನ್ ಒತ್ತುವ ಹೊತ್ತಿನಲ್ಲಿ ಸಾಲಿನಲ್ಲಿ ಇಬ್ಬರು ಮುಂದೆ ಸರಿಯಬಹುದು ಎಂದು ವಾದಿಸಿದ್ದೆ. ಆ ವಾದ ಸುಳ್ಳೇನೂ ಆಗಲಿಲ್ಲ. ಸಾಲು ನಿಜವಾಗಿಯೂ ಚುರುಕಾಯಿತು. ಅದೇ ಉತ್ಸಾಹದಲ್ಲಿ ಹುಡುಗರಿಗೆ ಒಂದು ನಿಯಮ ಹೇಳಿಕೊಟ್ಟೆ: ಬೀಪ್ ಸದ್ದಾಯಿತೇ, ಚೀಲ ಕೊಡಿ, ಮುಂದಿನವರನ್ನು ಕರೆಯಿರಿ.

ಆ ನಿಯಮ ತಪ್ಪು. ಎಷ್ಟು ತಪ್ಪು ಎಂದು ತಿಳಿಯಲು ನನಗೆ ಎರಡು ತಿಂಗಳು ಬೇಕಾಯಿತು.

ಟ್ಯಾಪ್ ಕಾರ್ಡಿನಲ್ಲಿ ಬ್ಯಾಟರಿ ಇರುವುದಿಲ್ಲ. ಯಂತ್ರ 13.56 ಮೆಗಾಹರ್ಟ್ಸ್‌ನಲ್ಲಿ ಹೊಮ್ಮಿಸುವ ಕಾಂತಕ್ಷೇತ್ರದಿಂದಲೇ ಅದರ ಚಿಪ್ ಶಕ್ತಿ ಪಡೆದು ಎಚ್ಚರಗೊಳ್ಳುತ್ತದೆ. ನಾಲ್ಕು ಸೆಂಟಿಮೀಟರಿನ ಆಸುಪಾಸಿನಲ್ಲಿ ಸುಮಾರು ಅರ್ಧ ಸೆಕೆಂಡ್ ನಿಂತರೆ ತನ್ನ ವಿವರವನ್ನೂ ಆ ಒಂದು ಪಾವತಿಗಷ್ಟೇ ಸಲ್ಲುವ ಗುಪ್ತ ಸಂಕೇತವನ್ನೂ ಕೊಟ್ಟು ಸುಮ್ಮನಾಗುತ್ತದೆ. ನಾಲ್ಕು ಹಸಿರು ದೀಪ ಹತ್ತಿ ಬೀಪ್ ಆಗುವುದು ಆಗ. “ಕಾರ್ಡ್ ಓದಿಯಾಯಿತು, ಇನ್ನು ತೆಗೆಯಬಹುದು” ಎನ್ನುವುದಷ್ಟೇ ಅದರ ಅರ್ಥ. ಯಂತ್ರ ಬ್ಯಾಂಕನ್ನು ಕೇಳುವುದು ಅದಾದ ಮೇಲೆ. ನಮ್ಮಲ್ಲಿ ಪ್ರತಿ ಡೆಬಿಟ್ ಪಾವತಿಯೂ ಆನ್‌ಲೈನ್. ಕೋರಿಕೆ ಕಾರ್ಡ್ ಕೊಟ್ಟ ಬ್ಯಾಂಕಿನವರೆಗೆ ಹೋಗಿ, ಅಲ್ಲಿ ಖಾತೆಯಲ್ಲಿ ಹಣವಿದೆಯೇ ಎಂದು ನೋಡಿ, ಉತ್ತರ ಅದೇ ದಾರಿಯಲ್ಲಿ ಮರಳಬೇಕು. ನೆಟ್‌ವರ್ಕ್ ಚೆನ್ನಾಗಿದ್ದ ದಿನ ಇದೆಲ್ಲ ಎರಡು ಮೂರು ಸೆಕೆಂಡಿನಲ್ಲಿ ಮುಗಿಯುವುದರಿಂದ ಬೀಪ್ ಮತ್ತು “ಅಪ್ರೂವ್ಡ್” ನಮಗೆ ಒಂದೇ ಎನಿಸಿಬಿಟ್ಟಿತ್ತು.

ಒಂದು ರಾತ್ರಿ ಬ್ಯಾಚ್ ಸೆಟ್ಲ್‌ಮೆಂಟ್, ಅಂದರೆ ದಿನದ ಕಾರ್ಡ್ ಪಾವತಿಗಳ ಲೆಕ್ಕವನ್ನು ಯಂತ್ರದಲ್ಲಿ ಒಟ್ಟಿಗೆ ಮುಚ್ಚುವ ಕೆಲಸ, ಮಾಡುವಾಗ ಮೂರು ಬಿಲ್ಲು ತಾಳೆಯಾಗಲಿಲ್ಲ. ಸರಕು ಹೋಗಿದೆ, ಹಣ ಇಲ್ಲ. ಮೂರೂ ಬ್ಯಾಂಕ್ ಒಪ್ಪದೆ ಡಿಕ್ಲೈನ್ ಆದ ಪಾವತಿಗಳು. ಗಿರಾಕಿಗಳು ಮೋಸ ಮಾಡಿರಲಿಲ್ಲ. ಬೀಪ್ ಕೇಳಿ ನಾವೇ ನಗುನಗುತ್ತಾ ಕಳಿಸಿಕೊಟ್ಟಿದ್ದೆವು. ಮಾಲೀಕರು ಮೂರು ಬಿಲ್ಲಿನ ಮೊತ್ತವನ್ನು ಹುಡುಗರ ಸಂಬಳದಲ್ಲಿ ಹಿಡಿಯುವ ಮಾತೆತ್ತಿದರು. ನಿಯಮ ಹೇಳಿಕೊಟ್ಟವನು ನಾನು, ಹಿಡಿಯುವುದಾದರೆ ನನ್ನ ಸಂಬಳದಲ್ಲಿ ಹಿಡಿಯಿರಿ ಎಂದೆ. ಅವರು ಹಾಗೆಯೇ ಮಾಡಿದರು. ಅದಕ್ಕೆ ಬೇಸರವಿಲ್ಲ. ಆದರೆ ಆ ಪೆಟ್ಟಿನಿಂದ ನಾನು ಕಲಿತದ್ದು ಅರ್ಧ ಪಾಠ, ಮತ್ತು ಆ ಅರ್ಧ ಪಾಠವೇ ಮುಂದಿನ ಅನಾಹುತಕ್ಕೆ ದಾರಿ ಮಾಡಿತು. ಯಂತ್ರದ ಪರದೆಯಲ್ಲಿ “ಅಪ್ರೂವ್ಡ್” ಎಂದು ಬರುವವರೆಗೆ ಹಣ ಬಂದಿಲ್ಲ ಎಂದೇ ತಿಳಿಯಿರಿ, ಯಾರು ಏನೇ ಹೇಳಲಿ ಕೇಳಬೇಡಿ ಎಂದು ಹುಡುಗರಿಗೆ ಕಟ್ಟುನಿಟ್ಟಾಗಿ ಹೇಳಿದೆ. ನಾನೂ ಅದನ್ನೇ ಗಟ್ಟಿಯಾಗಿ ಹಿಡಿದೆ.

ಶಾಲೆಗಳು ತೆರೆಯುವ ಹಿಂದಿನ ಸಂಜೆ. ಬಾಗಿಲವರೆಗೆ ಸಾಲು. ಮಧ್ಯಾಹ್ನದಿಂದಲೇ ಯಂತ್ರದ ಸಿಮ್ ಸಿಗ್ನಲ್ ಬಂದು ಹೋಗಿ ಮಾಡುತ್ತಿತ್ತು. ಎರಡನೆಯ ಸಿಮ್ ಹಾಕಿಸಿ, ಇಲ್ಲವೇ ವೈಫೈಗೆ ಜೋಡಿಸಿ ಎಂದು ನಾನು ಮೂರು ಸಲ ಕೇಳಿದ್ದೆ. ಇನ್ನೊಂದು ಖರ್ಚು ಯಾಕೆ ಎಂಬ ಉತ್ತರವೇ ಮೂರು ಸಲವೂ ಸಿಕ್ಕಿತ್ತು. ಕಾಗದದ ರೋಲ್ ಉಳಿಸಲೆಂದು ಗಿರಾಕಿಯ ಪ್ರತಿ ಮುದ್ರಣವಾಗದಂತೆಯೂ ಮಾಲೀಕರು ಸೆಟ್ಟಿಂಗ್ ಬದಲಿಸಿದ್ದರು. ಕೇಳಿದವರಿಗೆ ಮಾತ್ರ ಸ್ಲಿಪ್.

ಆ ಹೆಂಗಸು ಇಬ್ಬರು ಮಕ್ಕಳ ಇಡೀ ವರ್ಷದ ಸಾಮಾನು ತೆಗೆದುಕೊಂಡಿದ್ದರು. ಆ ಸಂಜೆಯ ದೊಡ್ಡ ಬಿಲ್ಲುಗಳಲ್ಲಿ ಅದೂ ಒಂದು, ಆದರೂ ಪಿನ್ ಇಲ್ಲದ ಟ್ಯಾಪ್ ಮಿತಿಯೊಳಗೇ ಇತ್ತು. ಡೆಬಿಟ್ ಕಾರ್ಡ್ ತಾಗಿಸಿದರು. ಬೀಪ್ ಆಯಿತು, ಹಸಿರು ದೀಪಗಳು ಹತ್ತಿದವು. “ಪ್ರೊಸೆಸಿಂಗ್” ಎಂದು ಬಂದದ್ದು ಅಲ್ಲಿಯೇ ನಿಂತಿತು. ನಾನು ಯಂತ್ರವನ್ನು ಕಿಟಕಿಯ ಕಡೆಗೆ ಎತ್ತಿ ಹಿಡಿದೆ. ಸಾಲಿನಲ್ಲಿ ಯಾರೋ ಗಂಟಲು ಸರಿಪಡಿಸಿಕೊಂಡರು. ಒಂದು ನಿಮಿಷವೂ ಆಗಿರಲಾರದು, ನನಗೆ ಮಾತ್ರ ಹತ್ತು ನಿಮಿಷವೆನಿಸಿತು. ಕೊನೆಗೆ “ಟೈಮ್ ಔಟ್” ಎಂದು ತೋರಿಸಿ ಪರದೆ ಖಾಲಿಯಾಯಿತು.

“ಆಗಲಿಲ್ಲ ಮೇಡಂ, ಇನ್ನೊಂದು ಸಲ ಮಾಡಬೇಕು” ಎಂದೆ.

“ಆಗಿದೆಯಲ್ಲ. ಇಗೋ ನೋಡಿ, ಹಣ ಕಡಿತವಾಗಿದೆ ಎಂದು ಸಂದೇಶ ಬಂದಿದೆ.” ಅವರು ಮೊಬೈಲ್ ನನ್ನ ಮುಂದೆ ಹಿಡಿದರು. ನಮ್ಮ ಬಿಲ್ಲಿನದೇ ಮೊತ್ತ, ಅದೇ ನಿಮಿಷ.

ನಾನು ಓದಿದೆ. ಓದಿಯೂ ಓದದವನಂತೆ ಯಂತ್ರದ ಕಡೆ ತಿರುಗಿದೆ. ಮೂರು ಬಿಲ್ಲಿನ ಪೆಟ್ಟು ಇನ್ನೂ ಹಸಿಯಾಗಿತ್ತು. ಸುಳ್ಳು ಸಂದೇಶ ತೋರಿಸಿ ಸರಕು ಒಯ್ಯುವವರ ಕಥೆಗಳೂ ತಲೆಯಲ್ಲಿದ್ದವು. ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಆದರೆ ನನ್ನ ಮುಖದಲ್ಲಿ ಅವರಿಗೆ ಕಂಡಿರಬೇಕು, ಏಕೆಂದರೆ ಅವರ ಮುಖ ಬಿಗಿಯಿತು. “ನಮಗೆ ಬಂದಿಲ್ಲ ಮೇಡಂ. ಕಡಿತವಾಗಿದ್ದರೂ ತಾನಾಗಿ ವಾಪಸ್ ಬರುತ್ತದೆ” ಎಂದೆ. ಈ ಮಾತು ಕೌಂಟರಿನಲ್ಲಿ ನಿಂತ ಎಲ್ಲರಿಗೂ ಬಾಯಿಪಾಠ. ಹೇಗೆ ಬರುತ್ತದೆ, ಯಾರು ಕಳಿಸುತ್ತಾರೆ, ಯಾವಾಗ ಎಂದು ನಾನು ಒಂದು ದಿನವೂ ಯೋಚಿಸಿದವನಲ್ಲ.

“ಖಾತೆಯಲ್ಲಿ ಅಷ್ಟು ಇಲ್ಲ, ನಾಳೆಗೆ ಬೇಕಾದದ್ದು ಇದೆ” ಎಂದರು. ಆ ಮಾತನ್ನೂ ನಾನು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ. ಮೇಜಿನ ಖಾನೆಯಿಂದ ಹಳೆಯ ಯಂತ್ರ ತೆಗೆದೆ. ಅದರ ಟಿಐಡಿ (ಯಂತ್ರದ ಗುರುತಿನ ಸಂಖ್ಯೆ) ಬೇರೆ, ಸಿಮ್ ಬೇರೆ. ಹಿಂದೆ ನಿಂತವರೊಬ್ಬರು “ಬೇಗ ಆಗಲಿ” ಎಂದರು. ಮಗು ಚೀಲದ ಹಿಡಿ ಬಿಡದೆ ನಿಂತಿತ್ತು. ಅವರು ಮಗುವನ್ನೊಮ್ಮೆ ನೋಡಿ, ಮತ್ತೆ ಕಾರ್ಡ್ ತಾಗಿಸಿದರು. ಅಪ್ರೂವ್ಡ್. ಮೊಬೈಲಿನಲ್ಲಿ ಎರಡನೆಯ ಸಂದೇಶ ಬಂದ ಸದ್ದು ನನಗೂ ಕೇಳಿಸಿತು.

ಅವರು ಹೊರಟ ಕೂಡಲೇ ಕೈಕೊಟ್ಟ ಯಂತ್ರವನ್ನು ಆಫ್ ಮಾಡಿ ಖಾನೆಯೊಳಗೆ ಹಾಕಿದೆ. ಆ ಸಂಜೆ ನಾನು ಮಾಡಿದ ಕೆಲಸಗಳಲ್ಲಿ ಅತ್ಯಂತ ಕೆಟ್ಟದ್ದು ಇದೇ.

ಮರುದಿನ ಬೆಳಿಗ್ಗೆ ಅವರ ಫೋನ್. ಹಣ ಬಂದಿಲ್ಲ. ಮನೆ ಬಾಡಿಗೆಯ ಸ್ವಯಂ ಪಾವತಿ ಬೆಳಗಿನ ಜಾವ ಖಾತೆಯಲ್ಲಿ ಹಣ ಸಾಲದೆ ವಿಫಲವಾಗಿದೆ, ಬ್ಯಾಂಕ್ ದಂಡವನ್ನೂ ಹಾಕಿದೆ. ನಾನು ಏನು ಹೇಳಿದೆ ಎಂಬುದನ್ನು ಇಲ್ಲಿ ಬರೆಯಲೇಬೇಕು: “ನಮ್ಮ ಕಡೆ ಒಂದೇ ಪಾವತಿ ಕಾಣಿಸುತ್ತಿದೆ, ನಿಮ್ಮ ಬ್ಯಾಂಕನ್ನು ಕೇಳಿ.” ಆರಂಭದಲ್ಲಿ ಬರೆದ ಆ ಮಾತನ್ನು ಅವರು ಹೇಳಿದ್ದು ಆಗ.

ಫೋನ್ ಇಟ್ಟ ಮೇಲೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಯಂತ್ರ ಒದಗಿಸಿದ ಸಂಸ್ಥೆಯ ಸಹಾಯವಾಣಿಗೆ ಕರೆ ಮಾಡಿದೆ. ನಲವತ್ತು ನಿಮಿಷ ಸಂಗೀತ ಕೇಳಿಸಿದ ಬಳಿಕ ಸಿಕ್ಕ ಹುಡುಗಿ ಮಾತ್ರ ಕೆಲಸ ಬಲ್ಲವಳು. ಅವಳ ಮೊದಲ ಪ್ರಶ್ನೆಯೇ, “ಟೈಮ್ ಔಟ್ ಆದ ಮೇಲೆ ಆ ಯಂತ್ರದಲ್ಲಿ ಇನ್ನೊಂದು ವ್ಯವಹಾರ ಮಾಡಿದ್ದೀರಾ ಸರ್?” ಎಂದು. ಇಲ್ಲ ಎಂದೆ. “ಹಾಗಾದರೆ ರಿವರ್ಸಲ್ ಇನ್ನೂ ಅದರೊಳಗೇ ಇದೆ. ಆನ್ ಮಾಡಿ.”

ಆಗಿದ್ದು ಇಷ್ಟು. ಕೋರಿಕೆ ಬ್ಯಾಂಕ್ ತಲುಪಿತ್ತು. ಬ್ಯಾಂಕ್ ಒಪ್ಪಿ, ಹಣ ಕಡಿದು, ಗಿರಾಕಿಗೆ ಸಂದೇಶವನ್ನೂ ಕಳಿಸಿತ್ತು. ಮರಳುವ ಉತ್ತರ ಮಾತ್ರ ದಾರಿಯಲ್ಲಿ ಕಳೆದುಹೋಯಿತು. ಉತ್ತರ ಸಿಗದ ಯಂತ್ರ ಆ ಪಾವತಿಯನ್ನು ರದ್ದು ಮಾಡಿ ಎಂಬ ರಿವರ್ಸಲ್ ಸಂದೇಶವನ್ನು ತನ್ನ ನೆನಪಿನಲ್ಲಿಟ್ಟುಕೊಂಡು, ಮತ್ತೆ ಸಂಪರ್ಕ ಸಿಕ್ಕಾಗ, ಮುಂದಿನ ವ್ಯವಹಾರಕ್ಕೆ ಮುಂಚೆ, ಅದನ್ನು ಕಳಿಸಬೇಕು. “ತಾನಾಗಿ ವಾಪಸ್ ಬರುತ್ತದೆ” ಎಂದು ನಾವು ಹೇಳುವಾಗ ಆ “ತಾನು” ಎಂದರೆ ಇದು. ಅದನ್ನೇ ನಾನು ಆಫ್ ಮಾಡಿ ಕತ್ತಲೆಯ ಖಾನೆಗೆ ಹಾಕಿದ್ದೆ. ಅವರ ಒಂದು ತಿಂಗಳ ಬಾಡಿಗೆಯ ಹಣ ರಾತ್ರಿಯಿಡೀ ಪೆನ್ನಿನ ರೀಫಿಲ್ಲುಗಳ ಪಕ್ಕ ಬಿದ್ದಿತ್ತು.

ಆನ್ ಮಾಡಿ, ಕೆಲಸದ ಹುಡುಗನ ಮೊಬೈಲಿನ ಹಾಟ್‌ಸ್ಪಾಟಿಗೆ ಜೋಡಿಸಿದೆ. ಅರ್ಧ ನಿಮಿಷದಲ್ಲಿ ರಿವರ್ಸಲ್ ಹೋಯಿತು, ಸ್ಲಿಪ್ ಹೊರಬಂತು. ಅಷ್ಟು ಸುಲಭದ ಕೆಲಸ. ಸಂಜೆಯೊಳಗೆ ಹಣ ಅವರ ಖಾತೆ ಸೇರಿತು. ದಂಡ ಮಾತ್ರ ವಾಪಸ್ ಬರಲಿಲ್ಲ. ಅದನ್ನು ಅಂಗಡಿ ಕೊಡಬೇಕು ಎಂದು ಮಾಲೀಕರಿಗೆ ಹೇಳಿದೆ. ಬ್ಯಾಂಕ್ ಹಾಕಿದ ದಂಡಕ್ಕೂ ನಮಗೂ ಏನು ಸಂಬಂಧ ಎಂದರು. ಇವತ್ತಿಗೂ ಈ ವಿಷಯದಲ್ಲಿ ಅವರ ಜೊತೆ ನನಗೆ ಒಮ್ಮತವಿಲ್ಲ.

ಕ್ರೆಡಿಟ್ ಕಾರ್ಡಿನಲ್ಲಿ ಎರಡು ಸಲ ಹಣ ಹಿಡಿದರೆ ಸಾಲದ ಮಿತಿ ಸ್ವಲ್ಪ ಕುಗ್ಗುತ್ತದೆ, ಬಿಲ್ಲು ಬರುವ ಹೊತ್ತಿಗೆ ಸಾಮಾನ್ಯವಾಗಿ ಸರಿಹೋಗಿರುತ್ತದೆ. ಡೆಬಿಟ್‌ನಲ್ಲಿ ಹೋಗುವುದು ಅವರು ಬದುಕಲು ಇಟ್ಟುಕೊಂಡ ಹಣ. ಎರಡಕ್ಕೂ ಒಂದೇ ಸದ್ದು, ಒಂದೇ ದೀಪ. ಇಷ್ಟು ವರ್ಷ ಕೌಂಟರಿನಲ್ಲಿ ನಿಂತೂ ಈ ವ್ಯತ್ಯಾಸ ನನ್ನ ತಲೆಗೆ ಹೋಗಿರಲಿಲ್ಲ. ಅಂಗಡಿಗೆ ಆ ಒಂದು ಬಿಲ್ಲು ನೂರರಲ್ಲಿ ಒಂದು, ಅವರಿಗೆ ಅದು ತಿಂಗಳ ಲೆಕ್ಕದ ಅಡಿಗಲ್ಲು.

ಈಗ ನಮ್ಮಲ್ಲಿ ಟೈಮ್ ಔಟ್ ಆದರೆ ಬೇರೆ ಯಂತ್ರ ತೆಗೆಯುವಂತಿಲ್ಲ. ಕಾರ್ಡ್ ಮತ್ತೆ ತಾಗಿಸಲು ಹೇಳುವಂತೆಯೂ ಇಲ್ಲ. ಮೊದಲು ಅದೇ ಯಂತ್ರದಲ್ಲಿ ಹಿಂದಿನ ವ್ಯವಹಾರದ ಸ್ಥಿತಿ ನೋಡಬೇಕು. ರಿವರ್ಸಲ್ ಬಾಕಿಯಿದ್ದರೆ ಅದು ಹೋಗಿ ಸ್ಲಿಪ್ ಬರುವವರೆಗೆ ಕಾಯಬೇಕು. ಸಿಗ್ನಲ್ ಇಲ್ಲದಿದ್ದರೆ ಯಂತ್ರ ಹಿಡಿದು ರಸ್ತೆಗೆ ಇಳಿಯುವುದು ನಮ್ಮ ಕೆಲಸ. ಕಾಯುವಷ್ಟು ಹೊತ್ತು ಗಿರಾಕಿಗೆ ಕುರ್ಚಿ, ಸಾಲಿನವರಿಗೆ ಪಕ್ಕದ ಕೌಂಟರ್. ದಿನಾಂಕ, ಹೊತ್ತು, ಮೊತ್ತ, ಟಿಐಡಿ, ಆರ್‌ಆರ್‌ಎನ್ (ಆ ವ್ಯವಹಾರದ ಉಲ್ಲೇಖ ಸಂಖ್ಯೆ) ಇದ್ದರೆ ಅದು, ಎಲ್ಲವನ್ನೂ ಚೀಟಿಯಲ್ಲಿ ಬರೆದು ಅಂಗಡಿಯ ಮೊಹರು ಒತ್ತಿ ಕೈಗೆ ಕೊಡುತ್ತೇವೆ. ಬ್ಯಾಂಕಿನಲ್ಲಿ ವಾದಿಸಲು ಅವರ ಹತ್ತಿರ ಏನಾದರೂ ಇರಬೇಕಲ್ಲ. ಯಂತ್ರವನ್ನು ಆಫ್ ಮಾಡುವ ಅಧಿಕಾರ ನನಗೂ ಇಲ್ಲ, ಬ್ಯಾಚ್ ಮುಚ್ಚಿ, ಬಾಕಿ ಏನೂ ಉಳಿದಿಲ್ಲ ಎಂದು ನೋಡಿದ ಮೇಲೆಯೇ.

ಹುಡುಗರಿಗೆ ಇನ್ನೊಂದು ಮಾತನ್ನೂ ಬಿಡಿಸಿದೆ. ಟ್ಯಾಪ್ ಆಗದೆ “ಕಾರ್ಡ್ ಒಳಗೆ ಹಾಕಿ” ಎಂದು ಪರದೆಯಲ್ಲಿ ಬಂದಾಗ ಅವರು “ನಿಮ್ಮ ಕಾರ್ಡ್ ಸರಿಯಿಲ್ಲ” ಎನ್ನುತ್ತಿದ್ದರು. ಸಾಲಿನ ಮುಂದೆ ಹಾಗೆನ್ನಿಸಿಕೊಂಡವರು ತಲೆ ತಗ್ಗಿಸುವುದನ್ನು ನೋಡಿದ್ದೇನೆ. ಬಹಳ ಸಲ ಕಾರ್ಡಿಗೆ ಏನೂ ಆಗಿರುವುದಿಲ್ಲ. ಪಿನ್ ಇಲ್ಲದೆ ಇಷ್ಟು ಸಲ, ಅಥವಾ ಒಟ್ಟು ಇಷ್ಟು ಮೊತ್ತ ಎಂಬ ಎಣಿಕೆ ತುಂಬಿದಾಗ ನಡುವೆ ಒಮ್ಮೆ ಪಿನ್ ಕೇಳುವ ಏರ್ಪಾಡು ಅದು. ಯುರೋಪಿಯನ್ ಒಕ್ಕೂಟದ ನಿಯಮದಲ್ಲಿ ಒಂದು ಟ್ಯಾಪಿಗೆ 50 ಯೂರೋ ಮಿತಿ, ಒಟ್ಟು 150 ಯೂರೋ ದಾಟಿದರೆ ಅಥವಾ ಸತತ ಐದು ಟ್ಯಾಪ್ ಆದರೆ ಗುರುತು ದೃಢಪಡಿಸಬೇಕು. ಬೇರೆ ಕಡೆಗಳಲ್ಲಿ ಅಂಕಿ ಬೇರೆ, ಉದ್ದೇಶ ಒಂದೇ. ಕಳೆದ ಕಾರ್ಡ್ ಯಾರ ಕೈಗಾದರೂ ಸಿಕ್ಕರೆ ನಷ್ಟ ಅಲ್ಲಿಗೇ ನಿಲ್ಲಲಿ ಎಂದು. ಹಾಗಾಗಿ ಈಗ “ಸುರಕ್ಷತೆಗಾಗಿ ಒಮ್ಮೆ ಪಿನ್ ಕೇಳುತ್ತಿದೆ” ಎನ್ನುತ್ತಾರೆ.

ಮೊಬೈಲಿನಿಂದ ತಾಗಿಸಿದವರಿಗೆ ಹಣ ಮರಳಿಸುವಾಗಲೂ ಇಂಥದೇ ಗೊಂದಲವಾಗುತ್ತಿತ್ತು. ಸ್ಲಿಪ್ಪಿನ ಕೊನೆಯ ನಾಲ್ಕು ಅಂಕಿ ಕಾರ್ಡಿನದಕ್ಕೆ ಹೊಂದದೆ ಹುಡುಗರು ಅನುಮಾನಿಸುತ್ತಿದ್ದರು. ಮೊಬೈಲ್ ಕಳಿಸುವುದು ಕಾರ್ಡಿನ ಬದಲಿಗೆ ಕೊಟ್ಟ ಬೇರೆ ಸಂಖ್ಯೆಯನ್ನು. ಅದೇ ಮೊಬೈಲನ್ನು ಮತ್ತೆ ತಾಗಿಸಿದರೆ ಹೊಂದುತ್ತದೆ.

ಎರಡನೆಯ ಸಿಮ್ ಬಂದದ್ದು ಕಳೆದ ತಿಂಗಳು. ಮಾಲೀಕರು ಗಿರಾಕಿಯ ಸ್ಲಿಪ್ ಮುದ್ರಣಕ್ಕೂ ಒಪ್ಪಿದ್ದಾರೆ, ರೋಲಿನ ಖರ್ಚನ್ನು ದಿನಾ ಎಣಿಸುತ್ತಾರೆ.

ದಂಡದ ಮೊತ್ತವನ್ನು ನಾನೇ ಲಕೋಟೆಯಲ್ಲಿ ಹಾಕಿಟ್ಟಿದ್ದೆ. ಅವರು ಮತ್ತೆ ಬರುತ್ತಾರೆ ಎಂಬ ಭರವಸೆ ಇರಲಿಲ್ಲ. ಮೊನ್ನೆ ಬಂದರು, ಒಂದು ನೋಟ್‌ಬುಕ್ಕಿಗಾಗಿ. ಲಕೋಟೆ ಮುಂದಿಟ್ಟೆ. ಏನೆಂದು ಕೇಳಿ ತಿಳಿದು, ಸ್ವಲ್ಪ ಹೊತ್ತು ಸುಮ್ಮನಿದ್ದು, ತೆಗೆದುಕೊಂಡರು. ಆಮೇಲೆ ನೋಟ್‌ಬುಕ್ಕಿನ ಹಣವನ್ನು ಚಿಲ್ಲರೆಯಾಗಿ ಎಣಿಸಿ ಕೊಟ್ಟರು. ಕಾರ್ಡ್ ಅವರ ಕೈಚೀಲದಿಂದ ಹೊರಬರಲಿಲ್ಲ.