ಜೋಂಗಾಗೆ ಲಾರಿ ಟರ್ಬೊ: ನೀಲಿ ಹೊಗೆಯ ತನಕ, ಅದರಾಚೆಗೂ ಸ್ವಲ್ಪ

ಜುಲೈ 13

ರಾತ್ರಿ ಎಂಟೂವರೆಗೆ ಟರ್ಬೊ, ಅಂದರೆ ಇಂಜಿನ್ ಬಿಡುವ ಹೊಗೆಯ ರಭಸಕ್ಕೆ ತಿರುಗಿ ಇಂಜಿನ್‌ಗೆ ಹೆಚ್ಚು ಗಾಳಿ ಒತ್ತುವ ಪಂಪು, ಮೊದಲ ಸಲ ತಿರುಗಿತು. ಎಂಟೂ ಮುಕ್ಕಾಲಿಗೆ ಶೆಡ್ ತುಂಬ ನೀಲಿ ಹೊಗೆ. ಸೊಳ್ಳೆಗೆ ಹೊಗೆ ಹಾಕಿದ್ದಾ ಅಂತ ಪಕ್ಕದ ಮನೆಯವರು ಕೇಳಿದರು. ಹೌದು ಅಂದೆ.

ಗಾಡಿಯ ಪರಿಚಯ ಇಲ್ಲದವರಿಗೆ ಎರಡು ಮಾತು. ಜೋಂಗಾ ಅಂದರೆ ನಿಸಾನ್ ಪ್ಯಾಟ್ರೋಲ್‌ನ ನಮ್ಮ ದೇಶದ ರೂಪ. ನಿಸಾನ್‌ನ ಪರವಾನಗಿ ಪಡೆದು ಜಬಲ್ಪುರದ ವಾಹನ ಕಾರ್ಖಾನೆ ಸೇನೆಗಾಗಿ 1969ರಿಂದ ತಯಾರಿಸಿದ ಗಾಡಿ. 3,956 ಸಿಸಿ ಪೆಟ್ರೋಲ್ ಇಂಜಿನ್, ಒಂದೇ ಸಾಲಿನಲ್ಲಿ ಆರು ಸಿಲಿಂಡರ್. ಸೇನೆಯ ಹರಾಜಿನಲ್ಲಿ ತಗೊಂಡವರಲ್ಲಿ ಎಷ್ಟೋ ಜನ ಅದನ್ನು ಕಿತ್ತು ಡೀಸೆಲ್ ಇಂಜಿನ್ ಕೂರಿಸಿದರು. ನನ್ನದರಲ್ಲಿ ಮೂಲ ಇಂಜಿನ್ ಇನ್ನೂ ಇದೆ. ತೆಗೆಯಲು ಮನಸ್ಸಿಲ್ಲ. ಆದರೆ ಕಾರ್ಕಳದ ಹತ್ತಿರ ನಮ್ಮ ತೋಟದ ಏರಿನಲ್ಲಿ ಅದು ಏದುಸಿರು ಬಿಡುವುದನ್ನು ನೋಡಲೂ ಆಗುತ್ತಿರಲಿಲ್ಲ. ಗಾಡಿ ಓಡುವುದು ತೋಟದೊಳಗೆ ಮಾತ್ರ. ಹೀಗೆ ಬದಲಾಯಿಸಿ ರಸ್ತೆಗೆ ಇಳಿಸಿದರೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಕಾಯುತ್ತಾ ಕೂತಿರುತ್ತದೆ.

ಟರ್ಬೊ ಸಿಕ್ಕಿದ್ದು ಮಲ್ಪೆ ಬಂದರಿನ ಹತ್ತಿರದ ಗುಜರಿಯಲ್ಲಿ. ಟಾಟಾ ಲಾರಿಯ 5.9 ಲೀಟರ್ ಕಮಿನ್ಸ್ ಇಂಜಿನ್‌ನ ಹೋಲ್ಸೆಟ್ ಕಂಪನಿಯ ಟರ್ಬೊ. 8,500 ರೂಪಾಯಿ. ಶಾಫ್ಟನ್ನು ಬೆರಳಲ್ಲಿ ಹಿಡಿದು ಅಲ್ಲಾಡಿಸಿ ನೋಡಿದೆ. ಪಕ್ಕಕ್ಕೆ ಸ್ವಲ್ಪ ಆಟ ಇತ್ತು. ಅದು ಇರಬೇಕಾದ್ದೇ, ಎಣ್ಣೆಯ ಪದರದ ಮೇಲೆ ತೇಲುವ ಬೇರಿಂಗ್ ಅಲ್ವಾ. ಉದ್ದಕ್ಕೆ ಎಳೆದಾಗ ಕೈಗೆ ಆಟ ಸಿಗಬಾರದು. ಸಿಗಲಿಲ್ಲ, ತಗೊಂಡೆ.

ಲಾರಿಯದ್ದು ಜೋಂಗಾಗೆ ದೊಡ್ಡದಾಗಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಲೆಕ್ಕ ಹಾಕಿ ನೋಡಿ. ನಾಲ್ಕು ಸ್ಟ್ರೋಕ್ ಇಂಜಿನ್ ಎರಡು ಸುತ್ತಿಗೊಮ್ಮೆ ತನ್ನ ಗಾತ್ರದಷ್ಟು ಗಾಳಿ ಎಳೆಯುತ್ತದೆ. ಲಾರಿಯ 5.9 ಲೀಟರ್, ನಿಮಿಷಕ್ಕೆ 2,500 ಸುತ್ತು ಅಂದರೆ ಸುಮಾರು 7,400 ಲೀಟರ್ ಗಾಳಿ. ನನ್ನದು 3,500 ಸುತ್ತಿಗೆ 6,900. ಲಾರಿಯಲ್ಲಿ ಬೂಸ್ಟ್, ಅಂದರೆ ಟರ್ಬೊ ತುಂಬುವ ಗಾಳಿಯ ಒತ್ತಡ, ತುಂಬ ಜಾಸ್ತಿ ಇರುತ್ತದೆ, ಹಾಗಾಗಿ ನನಗೆ ಇದು ಸ್ವಲ್ಪ ದೊಡ್ಡದೇ. ಆದರೆ ಜನ ಹೆದರಿಸುವಷ್ಟು ದೊಡ್ಡದಲ್ಲ. ತೊಂದರೆ ಇದ್ದದ್ದು ವೇಸ್ಟ್‌ಗೇಟ್‌ನ (ಬೂಸ್ಟ್ ಮಿತಿ ಮೀರದಂತೆ ಹೊಗೆಯನ್ನು ಟರ್ಬೊಗೆ ತಾಗಿಸದೆ ಹೊರಬಿಡುವ ಬಾಗಿಲು) ಸ್ಪ್ರಿಂಗ್‌ನಲ್ಲಿ. ಲಾರಿಗೆ ಬೇಕಾದ ಆ ಬಿಗಿ ನನಗೆ ಬೇಡ, 5 ಪಿಎಸ್‌ಐ (ಒತ್ತಡದ ಅಳತೆ) ಸಾಕು. ಸಣ್ಣ ಡೀಸೆಲ್ ಕಾರಿನ ಹಳೆ ಆಕ್ಚುವೇಟರ್ (ಆ ಬಾಗಿಲನ್ನು ರಾಡ್‌ನಿಂದ ತೆರೆಯುವ ಡಬ್ಬಿ) ಹಾಕಿ, ರಾಡ್ ಕತ್ತರಿಸಿ ಉದ್ದ ಹೊಂದಿಸಿದೆ.

ಪೆಟ್ರೋಲನ್ನು ಗಾಳಿಗೆ ಬೆರೆಸುವ ಕಾರ್ಬುರೇಟರ್ ತೆಗೆದಿಲ್ಲ. ಟರ್ಬೊ ಗಾಳಿಯನ್ನು ಅದರ ತಲೆಯ ಮೇಲಿನಿಂದ ಒತ್ತುತ್ತದೆ. ಹಾಗೆ ಒತ್ತಲು ಬಾಯಿಯ ಮೇಲೆ ಗಾಳಿ ಸೋರದ ಡಬ್ಬಿ ಬೇಕು. ಮೂರು ಲೀಟರ್‌ನ ಹಳೆ ಅಲ್ಯೂಮಿನಿಯಂ ಕುಕ್ಕರ್ ಬೋರಲು ಹಾಕಿದರೆ ಅಳತೆ ತೆಗೆದು ಮಾಡಿಸಿದ ಹಾಗೆ ಕೂತಿತು. "ಹಿಡಿ ಸರಿ ಇದ್ದ ಕುಕ್ಕರೇ ಬೇಕಿತ್ತಾ ನಿಂಗೆ?" ಅಂತ ಅಮ್ಮ ಕೇಳಿದ್ದು ಇದುವರೆಗೆ ನಾಲ್ಕು ಸಲ. ಕಾರ್ಬುರೇಟರ್‌ನೊಳಗೆ ಪೆಟ್ರೋಲ್ ನಿಲ್ಲುವ ಬೌಲ್‌ನ ಉಸಿರು ರಂಧ್ರವೂ ಈ ಕುಕ್ಕರ್ ಒಳಗೇ ಇರಬೇಕು. ಇಲ್ಲದಿದ್ದರೆ ಬೂಸ್ಟ್ ಬಂದ ಕ್ಷಣ ಪೆಟ್ರೋಲ್ ಜೆಟ್‌ನಿಂದ (ಪೆಟ್ರೋಲನ್ನು ಅಳೆದು ಬಿಡುವ ಸಣ್ಣ ತೂತು) ಮೇಲೆ ಬರುವ ಬದಲು ಹಿಂದಕ್ಕೆ ಹೋಗುತ್ತದೆ. ಪೆಟ್ರೋಲ್ ಪಂಪಿನ ಒತ್ತಡ ಬೂಸ್ಟ್‌ಗಿಂತ ಯಾವಾಗಲೂ 3-4 ಪಿಎಸ್‌ಐ ಮೇಲಿರಬೇಕು. ಹಳೆ ಪಂಪಿಗೆ ಅದು ಸಾಧ್ಯವಿಲ್ಲ. ಅದರ ರಬ್ಬರ್ ಡಯಾಫ್ರಮ್ ಈಗಿನ ಇ20 (ಶೇ 20 ಎಥನಾಲ್ ಬೆರೆಸಿದ) ಪೆಟ್ರೋಲ್‌ಗೆ ಹಪ್ಪಳದ ಹಾಗೆ ಉಬ್ಬಿತ್ತು. ಎಲೆಕ್ಟ್ರಿಕ್ ಪಂಪ್ ಹಾಕಿದೆ, ಪೆಟ್ರೋಲ್ ಒತ್ತಡ ಹೊಂದಿಸುವ ರೆಗ್ಯುಲೇಟರ್‌ಗೆ ಕುಕ್ಕರ್‌ನಿಂದ ಒಂದು ಸಣ್ಣ ಹೋಸ್ ಎಳೆದೆ. ವಿಶಲ್ ಕೂರುವ ತೂತು ಮುಚ್ಚಳದಲ್ಲಿ ಉಳಿಯಿತು, ಇಲ್ಲದಿದ್ದರೆ ಅಲ್ಲಿಂದಲೇ ಎಳೆಯಬಹುದಿತ್ತು.

ಈಗ ಹೊಗೆಯ ವಿಷಯ. ಎಕ್ಸಾಸ್ಟ್‌ನ ಮೂಲ ಬೀಡು ಕಬ್ಬಿಣದ ಮ್ಯಾನಿಫೋಲ್ಡನ್ನೇ (ಆರೂ ಸಿಲಿಂಡರ್‌ಗಳ ಹೊಗೆಯನ್ನು ಒಂದು ಬಾಯಿಗೆ ಸೇರಿಸುವ ಕೊಳವೆ) ಉಳಿಸಿಕೊಂಡಿದ್ದೆ. ಅದರ ಬಾಯಿಂದ ದಪ್ಪ ಪೈಪ್ ಇಳಿಸಿ ತುದಿಗೆ ಟರ್ಬೊ ತೂಗುಹಾಕಿದೆ. ಹಾಗೆ ಮಾಡಿದ್ದರಿಂದ ಟರ್ಬೊ ತೀರಾ ಕೆಳಗೆ ಬಂತು. ಟರ್ಬೊದ ಎಣ್ಣೆ ಸೀಲ್ ರಬ್ಬರಿನದ್ದಲ್ಲ, ಪಿಸ್ಟನ್ ರಿಂಗ್ ತರಹದ್ದು. ಮೇಲಿಂದ ಒತ್ತಡದಲ್ಲಿ ಬಂದ ಎಣ್ಣೆ ಕೆಳಗೆ ತನ್ನ ಭಾರಕ್ಕೇ ಇಳಿದು ಇಂಜಿನ್ ತಳದ ಎಣ್ಣೆ ತೊಟ್ಟಿಗೆ, ಅಂದರೆ ಸಂಪ್‌ಗೆ, ಹೋಗಬೇಕು. ನನ್ನ ಡ್ರೈನ್ ಹೋಸ್ ಚಾಸಿಯ ಅಡ್ಡಪಟ್ಟಿಯ ಕೆಳಗೆ ಜೋತುಬಿದ್ದು, ಮತ್ತೆ ಮೇಲೆ ಹತ್ತಿ ಸಂಪ್‌ಗೆ ಸೇರುತ್ತಿತ್ತು. ಆ ಹೊಟ್ಟೆಯಲ್ಲಿ ಎಣ್ಣೆ ನಿಂತಿತು. ಹಿಂದೆ ತುಂಬಿಕೊಂಡು ಸೀಲ್ ದಾಟಿ ಬಿಸಿ ಸೈಲೆನ್ಸರ್‌ಗೆ ಹೋಗಿ ಸುಟ್ಟು ನೀಲಿ ಹೊಗೆಯಾಯಿತು.

ಜುಲೈ 19

ಪೈಪ್ ಬಿಚ್ಚಿದಾಗ ಇನ್ನೊಂದು ಉಡುಗೊರೆ. ಮೇಲಿನ ವೆಲ್ಡಿಂಗ್ ಪಕ್ಕದಲ್ಲಿ ಕೂದಲೆಳೆಯಷ್ಟು ಬಿರುಕು. ಅದರ ಸುತ್ತ ಕಪ್ಪು ಮಸಿ.

ಮಲ್ಪೆಯಲ್ಲಿ ಬೋಟಿನ ಕೆಲಸ ಮಾಡುವ ವೆಲ್ಡರಣ್ಣನ ಹತ್ತಿರ ಹೋದೆ. ಮೀನುಗಾರಿಕೆ ನಿಷೇಧದ ಸಮಯ, ಬೋಟುಗಳೆಲ್ಲ ದಡದಲ್ಲಿ, ಅವರಿಗೆ ತಲೆ ಎತ್ತಲೂ ಪುರುಸೊತ್ತಿಲ್ಲ. ಆದರೂ ಪೈಪನ್ನು ಒಮ್ಮೆ ತಿರುಗಿಸಿ ನೋಡಿ, "ಟರ್ಬೊದ ಭಾರ ಎಲ್ಲಿಗೆ ಕಟ್ಟಿದ್ದೀರಿ?" ಅಂತ ಕೇಳಿದರು.

"ಚಾಸಿಗೆ, ಅಣ್ಣ."

"ಇಂಜಿನ್ ಅಲ್ಲಾಡ್ತದೆ, ಚಾಸಿ ಅಲ್ಲಾಡುದಿಲ್ಲ. ನಡುವಿನ ಪೈಪ್ ಎಂತ ಮಾಡ್ಬೇಕು ಮಾರಾಯ್ರೆ?"

ಉತ್ತರ ಇರಲಿಲ್ಲ. ಅದರ ಮೇಲೆ ಬಿಸಿಯ ಹಿಗ್ಗುವಿಕೆ ಬೇರೆ. ಒಂದಡಿ ಕಬ್ಬಿಣದ ಪೈಪ್ 500 ಡಿಗ್ರಿ ಬಿಸಿ ಏರಿದರೆ ಹೆಚ್ಚುಕಮ್ಮಿ 1.8 ಮಿಲಿಮೀಟರ್ ಬೆಳೆಯುತ್ತದೆ. ಎರಡೂ ತುದಿ ಬಿಗಿದರೆ ಅದು ಎಲ್ಲಿ ಬೆಳೆಯಬೇಕು? ಸ್ಟೇನ್‌ಲೆಸ್ ಸ್ಟೀಲ್ ಪೈಪ್ ಚಂದ ಕಾಣುತ್ತದೆ ಅಂತ ನಾನು ಅದನ್ನೇ ಕೇಳುವವನಿದ್ದೆ. ಅದು ಕಬ್ಬಿಣಕ್ಕಿಂತ ಜಾಸ್ತಿ ಹಿಗ್ಗುತ್ತದೆ, ದುಡ್ಡೂ ಜಾಸ್ತಿ. ಬಾಯ್ಲರ್ ಕೆಲಸದ ದಪ್ಪ ಕಬ್ಬಿಣದ ಪೈಪ್, ರೆಡಿಮೇಡ್ ಬೆಂಡ್, ಅಷ್ಟೇ ಸಾಕಾಯಿತು. ಟರ್ಬೊವನ್ನು ನಾಲ್ಕೂವರೆ ಇಂಚು ಎತ್ತರಿಸಿದೆವು. ಭಾರ ಹೊರುವ ಪಟ್ಟಿ ಈಗ ಇಂಜಿನ್ ಬ್ಲಾಕಿಗೇ ಕೂತಿದೆ, ಬೋಲ್ಟಿನ ತೂತು ಉದ್ದಕ್ಕೆ ಕೊರೆದು ಜಾರಲು ಜಾಗ ಬಿಟ್ಟಿದ್ದೇವೆ. ಡ್ರೈನ್ ಹೋಸ್ ನೇರ ಇಳಿಯುತ್ತದೆ.

ಜುಲೈ 27

ಹೊಗೆ ಇಲ್ಲ. ಅರ್ಧ ಗಂಟೆ ಐಡಲ್, ಆಮೇಲೆ ಮಳೆ ನಿಂತ ಮೇಲೆ ತೋಟದ ಏರು. ಎರಡನೇ ಗೇರಿನಲ್ಲಿ ಬೂಸ್ಟ್ ಮುಳ್ಳು ನಿಧಾನಕ್ಕೆ 2 ಪಿಎಸ್‌ಐಗೆ ಹೋಯಿತು. ಗಾಡಿ ಹಿಂದಿನಿಂದ ಯಾರೋ ತಳ್ಳಿದ ಹಾಗೆ ಹತ್ತಿತು. ಆದರೆ ಮಿಶ್ರಣದ ಮೀಟರ್ ನೋಡಿ ಕಾಲು ತೆಗೆದೆ. ಲ್ಯಾಂಬ್ಡಾ (ಗಾಳಿ-ಪೆಟ್ರೋಲ್ ಪ್ರಮಾಣದ ಅಳತೆ, ಕಡಿಮೆಯಾದಷ್ಟೂ ಪೆಟ್ರೋಲ್ ಜಾಸ್ತಿ) 0.95. ಬೂಸ್ಟ್‌ನಲ್ಲಿ 0.8ರ ಹತ್ತಿರ ಇರಬೇಕು, ಇಲ್ಲದಿದ್ದರೆ ಪೆಟ್ರೋಲ್ ಕಮ್ಮಿಯಾಗಿ ಇಂಜಿನ್ ಬಡಿಯುತ್ತದೆ, ಪಿಸ್ಟನ್ ಹೋಗುತ್ತದೆ.

ಇಲ್ಲಿಯವರೆಗೆ ಒಟ್ಟು ಖರ್ಚು 39,500. ಅದರಲ್ಲಿ ಈ ಮೀಟರ್ ಒಂದಕ್ಕೇ 15,500, ಟರ್ಬೊಗಿಂತ ಹೆಚ್ಚುಕಮ್ಮಿ ಎರಡು ಪಟ್ಟು. ತಗೊಳ್ಳುವಾಗ ಹೊಟ್ಟೆ ಉರಿದಿತ್ತು. ಈಗ ಇಲ್ಲ.

ಇರುವ ಜೆಟ್‌ಗೇ ಸೂಜಿ ತೂರಿಸಿ ದೊಡ್ಡದು ಮಾಡಿ ಅಂತ ಇಬ್ಬರು ಹೇಳಿದರು. ನಾನು ಮಾಡುವುದಿಲ್ಲ. ಎಷ್ಟು ದೊಡ್ಡದಾಯಿತು ಅಂತ ಆಮೇಲೆ ಯಾರಿಗೂ ಗೊತ್ತಿರುವುದಿಲ್ಲ. ಅಳತೆ ಕೆತ್ತಿದ ಜೆಟ್‌ಗಳನ್ನು ತರಿಸಿದ್ದೇನೆ. ಅವು ಬರುವ ತನಕ ಆಕ್ಚುವೇಟರ್ ರಾಡಿಗೆ ತಂತಿ ಕಟ್ಟಿ ವೇಸ್ಟ್‌ಗೇಟನ್ನು ತೆರೆದೇ ಇಟ್ಟಿದ್ದೇನೆ. ಕಾಲು ತಪ್ಪಿಯೂ ಬೂಸ್ಟ್ ಬರಬಾರದು ನೋಡಿ.