ಅಂಕ ಸಮ ಆದರೆ ಯಾರು ಮೇಲೆ?

14 ಜೂನ್ 2024, ಶುಕ್ರವಾರ

ಊಟ ಮುಗಿಯುವ ಹೊತ್ತಿಗೆ ಪುಟ್ಟಿಯ ಫೋನ್. ಸಂಘದ ವಿದ್ಯಾರ್ಥಿವೇತನದ ಪಟ್ಟಿ ಈ ಸಲ ಅವಳ ಕೈಲಿದೆ.

"ಮಾವ, ನನ್ನ ಲ್ಯಾಪ್‌ಟಾಪಲ್ಲಿ ಒಂದು ಪಟ್ಟಿ ಬರುತ್ತೆ, ಸಂಘದ ಸರ್ವರಲ್ಲಿ ಇನ್ನೊಂದು. ಕೋಡೂ ಅದೇ, ಡೇಟಾನೂ ಅದೇ!"

ಕೋಡ್ ಇರುವುದು ಪಿಎಚ್‌ಪಿ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ. ಎರಡೂ ಕಡೆ ಅದರ ಆವೃತ್ತಿ ಯಾವುದು ಅಂತ ಕೇಳಿದೆ. ಸರ್ವರಲ್ಲಿ 7.4, ಅವಳದ್ದು 8.2. ವಿಷಯ ಅಲ್ಲೇ ಇತ್ತು. 2020ರ ಕೊನೆಗೆ ಬಂದ 8.0ರಿಂದ ಪಿಎಚ್‌ಪಿಯ ಸಾರ್ಟ್ (ಸಾಲುಗಳನ್ನು ಕ್ರಮವಾಗಿ ಜೋಡಿಸುವುದು) ಸ್ಟೇಬಲ್. ಅಂದರೆ ಸಮ ಇರುವ ಸಾಲುಗಳು ಮೊದಲು ಹೇಗಿದ್ದವೋ ಅದೇ ಕ್ರಮದಲ್ಲಿ ಉಳಿಯುತ್ತವೆ. ಅದಕ್ಕೆ ಮುಂಚೆ ಈ ಖಾತ್ರಿ ಇರಲಿಲ್ಲ.

"ಹತ್ತು ಹೆಸರು ಹಾಕಿ ನೋಡಿದಾಗ ಎರಡೂ ಕಡೆ ಒಂದೇ ಬಂತಲ್ಲ?"

ಬರುತ್ತೆ. 7ರಲ್ಲಿ 16 ಸಾಲಿನವರೆಗೆ ಇನ್ಸರ್ಷನ್ ಸಾರ್ಟ್ ಮಾತ್ರ, ಅಂದರೆ ಒಂದೊಂದೇ ಸಾಲನ್ನು ಅದರ ಜಾಗಕ್ಕೆ ಸೇರಿಸುವ ವಿಧಾನ. ಅದು ಸಮ ಇದ್ದವನ್ನು ಅಲುಗಾಡಿಸಲ್ಲ. ಪಟ್ಟಿ ಅದಕ್ಕಿಂತ ಉದ್ದವಾದರೆ ಪಟ್ಟಿಯನ್ನು ಭಾಗ ಮಾಡಿ ಜೋಡಿಸುವ ಕ್ವಿಕ್‌ಸಾರ್ಟ್ ಸೇರಿಕೊಳ್ಳುತ್ತೆ, ಅದರಲ್ಲಿ ಸಮ ಇದ್ದವು ಹಿಂದೆ ಮುಂದೆ ಆಗಬಹುದು.

ಆದರೆ ಸ್ಟೇಬಲ್ ಆದ ಮಾತ್ರಕ್ಕೆ ಪಟ್ಟಿ ಸರಿ ಅಂತ ನಾನು ಒಪ್ಪಲ್ಲ. ಹಳೇ ಕೋಡ್ ಅಂಕವನ್ನಷ್ಟೇ ನೋಡುತ್ತಿತ್ತು. ಸಂಘದ ನಿಯಮ ಹಾಗಿಲ್ಲ: ಅಂಕ ಜಾಸ್ತಿ ಇದ್ದವರು ಮೇಲೆ, ಅಂಕ ಸಮ ಆದರೆ ಮನೆಯ ವರಮಾನ ಕಡಿಮೆ ಇದ್ದವರು, ಅದೂ ಸಮ ಆದರೆ ವಯಸ್ಸಿನಲ್ಲಿ ದೊಡ್ಡವರು. ಬಡ ಮಕ್ಕಳ ಪಟ್ಟಿಯಲ್ಲಿ ಕೊನೆಯ ಜಾಗ ಯಾರಿಗೆ ಅನ್ನುವುದನ್ನು ಅರ್ಜಿ ಮೊದಲು ಯಾರದ್ದು ಬಂತು ಅನ್ನುವುದರ ಮೇಲೆ ಬಿಡಬಾರದು.

ಬರೆಯೋದು ಸುಲಭ. ಹೋಲಿಸುವ ನಿಯಮವನ್ನು ನಾವೇ ಕೊಡುವ ಯುಸಾರ್ಟ್ ಒಳಗೆ, ಹೋಲಿಸುವ ಎರಡು ಸಾಲುಗಳ ಮೂರೂ ಕಾಲಮ್‌ಗಳನ್ನು ಸಾಲಿಗೊಂದು ಅರೇಯಲ್ಲಿಟ್ಟು (ಅರೇ ಅಂದರೆ ಬೆಲೆಗಳ ಸರಣಿ), ಚಿಕ್ಕದೋ ಸಮವೋ ದೊಡ್ಡದೋ ಹೇಳುವ ಸ್ಪೇಸ್‌ಶಿಪ್ ಆಪರೇಟರಿನಿಂದ (<=>) ಹೋಲಿಸಬೇಕು. ಇಳಿಕೆ ಬೇಕಾದ ಅಂಕಕ್ಕೆ ಮಾತ್ರ ಎಡ ಬಲ ಅದಲು ಬದಲು. ಹುಟ್ಟಿದ ತಾರೀಕು 2006-11-23 ಅಂತಲೇ ಇರಬೇಕು. 23-11-2006 ಅಂತಿದ್ದರೆ ವರ್ಷ ಬಿಟ್ಟು ದಿನವನ್ನೇ ಮೊದಲು ಹೋಲಿಸುತ್ತೆ.

ಹಲವು ಅರೇಗಳನ್ನು ಒಟ್ಟಿಗೆ ಜೋಡಿಸುವ ಅರೇ_ಮಲ್ಟಿಸಾರ್ಟ್ ಕೂಡ ಅವಳು ಹಾಕಿ ನೋಡಿದ್ದಳಂತೆ. ಅರೇಗಳ ಉದ್ದ ಹೊಂದುತ್ತಿಲ್ಲ ಅಂತ ಎರರ್. ಯಾಕೆ? ಕೆಲವು ಸಾಲುಗಳಲ್ಲಿ ವರಮಾನವೇ ಇಲ್ಲ. ಎಲ್ಲ ಸಾಲುಗಳಿಂದ ಒಂದು ಕಾಲಮ್ ಎತ್ತಿಕೊಡುವ ಅರೇ_ಕಾಲಮ್ ಅಂಥ ಸಾಲನ್ನು ಸದ್ದಿಲ್ಲದೆ ಬಿಟ್ಟು ಮುಂದೆ ಹೋಗುತ್ತೆ.

"ಹಾಗಾದ್ರೆ ನಲ್ ಅಂತ ತುಂಬಿಸಿಬಿಡ್ಲಾ?"

ಬೇಡ ಅಂದೆ, ಸ್ವಲ್ಪ ಜೋರಾಗಿಯೇ. ನಲ್ ಅಂದರೆ ಬೆಲೆಯೇ ಇಲ್ಲ ಅಂತ, ಆದರೂ ಹೋಲಿಸುವಾಗ ಪಿಎಚ್‌ಪಿಯಲ್ಲಿ ಅದು ಐವತ್ತು ಸಾವಿರಕ್ಕಿಂತ ಚಿಕ್ಕದು. ವರಮಾನ ಬರೆಯದವರು ಎಲ್ಲರಿಗಿಂತ ಬಡವರಾಗಿ ಮೇಲೆ ಬಂದು ಕೂರುತ್ತಾರೆ. ತುಂಬ ದೊಡ್ಡ ಸಂಖ್ಯೆ ಹಾಕಿ ಕೆಳಗೆ ತಳ್ಳೋಣವಾ? ಅದೂ ಅನ್ಯಾಯವೇ. ವರಮಾನದ ಸರ್ಟಿಫಿಕೇಟ್ ಮಾಡಿಸಲು ತಾಲ್ಲೂಕಿಗೆ ಹೋಗಿ ಬರುವುದಕ್ಕೂ ಕೂಲಿ ಬಿಡಬೇಕಾದ ಮನೆಗಳಿವೆ, ಅಲ್ವಾ?

ಒಬ್ಬೊಬ್ಬರನ್ನೇ ಕೇಳ್ತೀನಿ ಅಂದಳು. ಖುಷಿಯಾಯಿತು. ಆದರೆ ಎರಡು ಅರ್ಜಿಗಳಲ್ಲಿ ಫೋನ್ ನಂಬರೂ ಇಲ್ಲವಂತೆ. ನಾಳೆ ರಾಯರನ್ನು ಹಿಡಿಯಬೇಕು, ಆ ಕಡೆ ಊರುಗಳಿಗೆ ಹೋಗಿ ಬರುವವರು ಯಾರಾದರೂ ಇದ್ದರೆ, ಕೊನೇ ಪಕ್ಷ ಶಾಲೆಯ ಮೇಷ್ಟ್ರ ಮೂಲಕವಾದರೂ...